ಪಾದ್ರಿಯ ಡೈವೋರ್ಸ್, ಬಿಷಪ್ಪರ ಕಡತ

ಡೈವೋರ್ಸ್ ಆದವಳನ್ನು ಮದುವೆಯಾಗೋಕೆ ಎಂಟನೇ ಎಡ್ವರ್ಡ್ 1936ರಲ್ಲಿ ಸಿಂಹಾಸನ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಕುತೂಹಲ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳದ್ದು. ಮೊದಲ ಸಂಗಾತಿ ಬದುಕಿರುವಾಗಲೇ ಮರುಮದುವೆ ಆದವರಿಗೆ ಅಲ್ಲಿ ದೀಕ್ಷೆಯೇ ಇರಲಿಲ್ಲ. ನಿಯಮ ಸಡಿಲಿಸೋ ಮಸೂದೆಯನ್ನು 1989ರಲ್ಲಿ ಕಾಮನ್ಸ್ ಸಭೆ ತಿರಸ್ಕರಿಸಿತು, ಮರುವರ್ಷ ಒಪ್ಪಿತು. ಅಲ್ಲಿಂದ ಬಿಷಪ್ ವಿಚಾರಿಸಿ ಅರ್ಜಿ ಕಳಿಸಬೇಕು, ಆರ್ಚ್‌ಬಿಷಪ್ ಅನುಮತಿ ಕೊಡಬೇಕು. ಮದುವೆ ಯಾಕೆ ಮುರೀತು, ಹಳೇ ಸಂಗಾತಿ ಏನಂತಾರೆ, ಎಲ್ಲಾ ಕೇಳ್ತಾರೆ. ನಮ್ಮ ಕಂಪನಿಗಳ ಬ್ಯಾಕ್‌ಗ್ರೌಂಡ್ ಚೆಕ್ ಇದರ ಮುಂದೆ ಏನೂ ಅಲ್ಲ ಬಿಡಿ!

ಆಗಲೇ ಪಾದ್ರಿಯಾಗಿದ್ದವರ ಪಾಡು ಬೇರೆ. ವ್ಯಭಿಚಾರ, ದುರ್ವರ್ತನೆ ಅಥವಾ ತೊರೆದು ಹೋದ ಕಾರಣಕ್ಕೆ ಅವರ ವಿರುದ್ಧ ಡೈವೋರ್ಸ್ ಆದರೆ, 2003ರ ಶಿಸ್ತು ಕಾನೂನಿನಡಿ ಹುದ್ದೆಯೇ ಹೋಗಬಹುದಿತ್ತು. 2022ರಿಂದ ಅಲ್ಲಿನ ಕೋರ್ಟು ತಪ್ಪು ಯಾರದ್ದು ಅಂತ ಕೇಳೋದನ್ನೇ ಬಿಟ್ಟಿದೆ.

ಸರಿ, ಹೆಂಡತಿ? ಪಾದ್ರಿಯ ಮನೆ ಹುದ್ದೆಯ ಜೊತೆ ಬರುವ ಮನೆ. ಸಂಸಾರ ಮುರಿದರೆ ಗಂಡನ ಜೊತೆ ಸೂರೂ ಹೋಯ್ತು, ಭಾನುವಾರದ ಚರ್ಚೂ ಹೋಯ್ತು. ಕಡತದ ಮೊದಲ ಪುಟದಲ್ಲಿ ಇರಬೇಕಾದ ವಿಷಯ ಇದು ಅನ್ನೋದು ನನ್ನ ಅಭಿಪ್ರಾಯ. ಯಾರೋ ಕೇಳ್ತಾರೆ ಅಂತ ಕಾಯದೆ, ಅಂಥ ಹೆಂಗಸರೇ 1983ರಲ್ಲಿ 'ಬ್ರೋಕನ್ ರೈಟ್ಸ್' ಅನ್ನೋ ಸಂಘ ಕಟ್ಟಿಕೊಂಡರು.