ಗಾಹೆಯೊಳಗೆ ಅಡಗಿದ ಮಹಾಸಂಖ್ಯೆ

ಶ್ರವಣಬೆಳಗೊಳದಲ್ಲಿ ಬಾಹುಬಲಿಸ್ವಾಮಿಯ ಮಹಾಬಿಂಬವನ್ನು ನಿಲ್ಲಿಸಿದ ಚಾವುಂಡರಾಯನ ನಿಮಿತ್ತವಾಗಿ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರೆಂಬುದು ಶ್ರಾವಕರೆಲ್ಲ ಬಲ್ಲ ಸಂಗತಿ. ಅದರ ಜೀವಕಾಂಡದಲ್ಲಿ, ಮೊದಲ ನೋಟಕ್ಕೆ ಅರ್ಥವೇ ಇಲ್ಲದಂತೆ ತೋರುವ ಒಂದು ಪ್ರಾಕೃತ ಗಾಹೆಯಿದೆ. ಆ ಗಾಹೆಯ ಬಹುಭಾಗವು ಅಕ್ಷರಗಳ ವೇಷ ತೊಟ್ಟ ಸಂಖ್ಯೆ.

ಕಟಪಯಾದಿ ಕ್ರಮದಂತೆ ತಕಾರಕ್ಕೆ 6, ಲಕಾರಕ್ಕೆ 3, ನಕಾರಕ್ಕೆ ಸೊನ್ನೆ; ಹೀಗೆ ಅಕ್ಷರಕ್ಕೊಂದು ಅಂಕವಿಟ್ಟು, ಅಂಕಗಳ ವಾಮಗತಿಯನ್ನನುಸರಿಸಿ ಬಲದಿಂದ ಎಡಕ್ಕೆ ಬರೆಯುತ್ತ ಹೋದರೆ ದೊರೆಯುವುದು 79228162514264337593543950336. ಇಪ್ಪತ್ತೊಂಬತ್ತು ಸ್ಥಾನಗಳು, ಅವುಗಳಲ್ಲಿ ಸೊನ್ನೆ ಒಂದೇ ಒಂದು. ಪರ್ಯಾಪ್ತ ಮನುಷ್ಯರ ಪ್ರಮಾಣವಿದೆಂದು ಆಚಾರ್ಯರ ವಚನ. ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರವೂ ಮನುಷ್ಯಪ್ರಮಾಣಕ್ಕೆ ಇದೇ ಸಂಖ್ಯೆಯನ್ನು ಸೂಚಿಸುತ್ತದೆ. ಅನೇಕ ವಿಷಯಗಳಲ್ಲಿ ಬೇರೆಯಾದ ಎರಡು ಪರಂಪರೆಗಳು ಇಲ್ಲಿ ಒಂದಂಕವೂ ತಪ್ಪದೆ ಕೂಡುತ್ತವೆ.

ಈ ಸಂಖ್ಯೆಯ ಹುಟ್ಟು ಸರಳವಾದುದು. ಎರಡರ ವರ್ಗ ನಾಲ್ಕು, ಅದರ ವರ್ಗ ಹದಿನಾರು, ಅದರ ವರ್ಗ 256. ನಾಲ್ಕನೆಯ ವರ್ಗ 65536, ಐದನೆಯದು 4294967296, ಆರನೆಯದು 18446744073709551616. ಕೊನೆಯ ಮೂರನ್ನು ನಮ್ಮವರು ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂದು ಕರೆದರು. ಪಣ್ಣಟ್ಠಿಯೆಂದರೆ ಅರವತ್ತೈದು, ಬಾದಾಲವೆಂದರೆ ನಲವತ್ತೆರಡು. ಮೊದಲೆರಡು ಅಂಕಗಳೇ ಹೆಸರಾದವು! ಬಾದಾಲವನ್ನು ಏಕಟ್ಠಿಯಿಂದ ಗುಣಿಸಿದರೆ ನಮ್ಮ ಮಹಾಸಂಖ್ಯೆ.

ಇದನ್ನು ಅರ್ಧಿಸುತ್ತ ಹೋದರೆ ತೊಂಬತ್ತಾರನೆಯ ಬಾರಿಗೆ ಸರಿಯಾಗಿ ಒಂದು ಉಳಿಯುತ್ತದೆ. ಹೀಗೆ ಅರ್ಧಿಸಬಹುದಾದ ಬಾರಿಗಳ ಎಣಿಕೆಗೆ ಅರ್ಧಚ್ಛೇದವೆಂದು ಹೆಸರು. ಬಾದಾಲಕ್ಕೆ ಮೂವತ್ತೆರಡು, ಏಕಟ್ಠಿಗೆ ಅರವತ್ತನಾಲ್ಕು, ಕೂಡಿದರೆ ತೊಂಬತ್ತಾರು. ಗುಣಲಬ್ಧದ ಅರ್ಧಚ್ಛೇದವು ಗುಣಕ-ಗುಣ್ಯಗಳ ಅರ್ಧಚ್ಛೇದಗಳ ಮೊತ್ತವೆಂಬ ನಿಯಮವನ್ನು ವೀರಸೇನಾಚಾರ್ಯರು ಕ್ರಿ. ಶ. 816ರಲ್ಲಿ ಪೂರ್ಣಗೊಳಿಸಿದ ಧವಲಾಟೀಕೆಯಲ್ಲಿ ಕಾಣುತ್ತೇವೆ. ಸ್ಕಾಟ್ಲೆಂಡಿನ ನೇಪಿಯರನ ಲಾಗರಿತಮ್ ಗ್ರಂಥ ಹೊರಬಂದುದು 1614ರಲ್ಲಿ. ನೇಪಿಯರನದು ಕೋಷ್ಟಕಗಳ ಮಹಾಸಾಹಸ. ಅವೆರಡೂ ಒಂದೇ ಎನ್ನಲಾಗದು. ಆದರೆ ಗುಣಾಕಾರವನ್ನು ಸಂಕಲನಕ್ಕಿಳಿಸುವ ಮೂಲತತ್ತ್ವ ಎರಡರಲ್ಲಿಯೂ ಒಂದೇ.

ಇಂದಿನ ಜನಗಣತಿಯೊಡನೆ ಈ ಸಂಖ್ಯೆಯನ್ನು ಹೊಂದಿಸಲು ಹೆಣಗುವವರುಂಟು. ನನಗದು ಒಪ್ಪಿಗೆಯಿಲ್ಲ. ಇದು ಆಗಮೋಕ್ತವಾದ ಎರಡೂವರೆ ದ್ವೀಪಗಳ ಲೆಕ್ಕ. ನಮ್ಮ ಭೂಪಟದ ಲೆಕ್ಕವಲ್ಲ. ನನ್ನನ್ನು ಬೆರಗುಗೊಳಿಸುವುದು ಅದನ್ನು ಕಾಪಾಡಿದ ಬಗೆ. ಮೂಡುಬಿದಿರೆಯ ಬಸದಿಯಲ್ಲಿ ಧವಲೆಯ ಓಲೆಗಳನ್ನು ಕಂಡವರಿಗೆ, ಕಂಠ ಹಿಡಿದು ಬರೆಯುವ ಕೈ ಎಷ್ಟು ಸುಲಭವಾಗಿ ಒಂದಕ್ಷರ ತಪ್ಪಬಲ್ಲದೆಂದು ಹೇಳಬೇಕಾಗಿಲ್ಲ. ಕೇಶವಣ್ಣನು 1359ರಲ್ಲಿ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ಬರೆದು ಮುಗಿಸುವ ವೇಳೆಗೇ ಮೂಲಗ್ರಂಥಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕ ವಯಸ್ಸಾಗಿತ್ತು. ಲಿಪಿಕಾರನು ಒಂದೇ ಒಂದು ಅಂಕವನ್ನು ಕೆಡಿಸಿದ್ದರೂ ಅರ್ಧಿಸುವ ಕೆಲಸ ನಡುವೆಯೇ ಯಾವುದಾದರೊಂದು ಬೆಸಸಂಖ್ಯೆಯಲ್ಲಿ ನಿಂತುಹೋಗಿ, ತಪ್ಪು ಬಯಲಾಗುತ್ತಿತ್ತು. ಅಚ್ಚಾದ ಪ್ರತಿಯ ಗಾಹೆಯನ್ನು ಬಿಡಿಸಿ, ಕಾಗದದ ಮೇಲೆ ಅರ್ಧಿಸುತ್ತ ಬಂದೆ. ತೊಂಬತ್ತಾರನೆಯ ಸಾಲಿನಲ್ಲಿ ಒಂದು ಉಳಿಯಿತು.