ವರ್ಷದ ಶ್ರೇಷ್ಠ ಫುಟ್‌ಬಾಲ್ ಪ್ರಶಸ್ತಿಗಳು: ಬ್ಯಾಲನ್ ಡಿ'ಓರ್ ಮತ್ತು ಫಿಫಾ ಗೌರವಗಳ ಇತಿಹಾಸ

ಜಗತ್ತಿನ ಅತ್ಯುತ್ತಮ ಫುಟ್‌ಬಾಲ್ ಆಟಗಾರರನ್ನೂ ಕೋಚ್‌ಗಳನ್ನೂ ವರ್ಷಕ್ಕೊಮ್ಮೆ ಆರಿಸುವ ಪ್ರಶಸ್ತಿಗಳಲ್ಲಿ ಎರಡು ಮುಖ್ಯವಾದವು. ಒಂದು, ಪ್ಯಾರಿಸ್ಸಿನ 'ಫ್ರಾನ್ಸ್ ಫುಟ್‌ಬಾಲ್' ಪತ್ರಿಕೆ 1956ರಲ್ಲಿ ಆರಂಭಿಸಿದ ಬ್ಯಾಲನ್ ಡಿ'ಓರ್, ಅಂದರೆ ಚಿನ್ನದ ಚೆಂಡು. ಇನ್ನೊಂದು, ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ 1991ರಿಂದ ಬೇರೆ ಬೇರೆ ಹೆಸರುಗಳಲ್ಲಿ ಕೊಡುತ್ತ ಬಂದಿರುವ ಗೌರವ. ಓಟದಲ್ಲಿ ಯಾರು ಮೊದಲು ಎಂದು ಗಡಿಯಾರ ಹೇಳುತ್ತದೆ. ಹನ್ನೊಂದು ಮಂದಿ ಕೂಡಿ ಆಡುವ ಆಟದಲ್ಲಿ ಒಬ್ಬರನ್ನು ಎತ್ತಿ ತೋರಿಸಬೇಕಾದರೆ ಮತ ಹಾಕದೆ ವಿಧಿಯಿಲ್ಲ. ಹಾಗಾಗಿ ಯಾರಿಗೆ ಮತದ ಹಕ್ಕಿತ್ತು, ಯಾರ ಹೆಸರು ಪಟ್ಟಿಗೆ ಬರಬಹುದಿತ್ತು ಎಂಬುದೇ ಈ ಪ್ರಶಸ್ತಿಗಳ ಚರಿತ್ರೆಯ ತಿರುಳು.

ಚಿನ್ನದ ಚೆಂಡಿನ ಹಿಂದಿದ್ದವರು ಪತ್ರಕರ್ತ ಗೇಬ್ರಿಯಲ್ ಹಾನೊ. ಫ್ರಾನ್ಸ್ ಪರ ಆಡಿದ್ದ ಇವರೇ ಯುರೋಪಿಯನ್ ಕಪ್ ಟೂರ್ನಿಯ ಕಲ್ಪನೆಯನ್ನೂ ಮುಂದಿಟ್ಟವರು. ಮೊದಲ ವರ್ಷ ಮತ ಹಾಕಿದ್ದು 16 ಪತ್ರಕರ್ತರು ಮಾತ್ರ. ಆ ವರ್ಷ ಯುರೋಪಿಯನ್ ಕಪ್ ಗೆದ್ದ ರಿಯಲ್ ಮ್ಯಾಡ್ರಿಡ್‌ನ ಆಲ್ಫ್ರೆಡೊ ಡಿ ಸ್ಟೆಫಾನೊಗೆ 44 ಅಂಕ ಬಂದರೆ, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಸ್ಟ್ಯಾನ್ಲಿ ಮ್ಯಾಥ್ಯೂಸ್‌ಗೆ 47 ಬಂತು. ಆಗ ಮ್ಯಾಥ್ಯೂಸ್‌ಗೆ 41 ವರ್ಷ. ಒಂದು ವರ್ಷದ ಗೆಲುವುಗಳಿಗಿಂತ ಒಂದಿಡೀ ಜೀವಮಾನದ ಆಟಕ್ಕೆ ಸಂದ ಮನ್ನಣೆ ಅದು ಎಂದೇ ಹೇಳಬೇಕು.

ಚೆಂಡನ್ನು ತಯಾರಿಸುವುದು ಪ್ಯಾರಿಸ್ಸಿನ ಹಳೆಯ ಆಭರಣ ಮನೆತನವಾದ ಮೆಲೆರಿಯೊ. ಹಿತ್ತಾಳೆಯ ಎರಡು ಅರ್ಧಗೋಳಗಳನ್ನು ಬೆಸುಗೆ ಹಾಕಿ ಕೂಡಿಸುತ್ತಾರೆ. ಚೆಂಡಿನ ಹೊಲಿಗೆ ಗೆರೆಗಳನ್ನು ಕೈಯಿಂದಲೇ ಕೆತ್ತಿ, ಚಿನ್ನದ ನೀರು ಹಾಯಿಸಿ, ಹೊಳೆಯುವ ಪೈರೈಟ್ ಕಲ್ಲಿನ ಮೇಲೆ ಕೂರಿಸುತ್ತಾರೆ.

ಮೊದಲ ನಾಲ್ಕು ದಶಕ ಇದು ಯುರೋಪಿನ ಪ್ರಜೆಗಳಿಗಷ್ಟೇ ಮೀಸಲಾಗಿತ್ತು. ಅರ್ಜೆಂಟೀನಾದಲ್ಲಿ ಹುಟ್ಟಿದ ಡಿ ಸ್ಟೆಫಾನೊ ಸ್ಪೇನಿನ ಪೌರತ್ವ ಪಡೆದಿದ್ದರಿಂದ 1957 ಮತ್ತು 1959ರಲ್ಲಿ ಗೆಲ್ಲಲು ಸಾಧ್ಯವಾಯಿತು. 1958ರಲ್ಲಿ 17ರ ಹರೆಯದಲ್ಲೇ ವಿಶ್ವಕಪ್ ಎತ್ತಿದ ಪೆಲೆಯ ಹೆಸರು ಮಾತ್ರ ಮತಪತ್ರಕ್ಕೆ ಬರುವಂತಿರಲಿಲ್ಲ. 1986ರಲ್ಲಿ ಮರಡೋನಾ ಇಟಲಿಯ ನಾಪೊಲಿ ಪರ ಆಡುತ್ತಿದ್ದರೂ, ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆದ್ದುಕೊಟ್ಟರೂ ಚೆಂಡು ಹೋದದ್ದು ಸೋವಿಯತ್ ಒಕ್ಕೂಟದ ಇಗೊರ್ ಬೆಲನೋವ್‌ಗೆ. ಬೆಲನೋವ್ ಒಳ್ಳೆಯ ಆಟಗಾರ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಯಮ ಎಷ್ಟು ಕಿರಿದಾಗಿತ್ತು ಎಂಬುದಕ್ಕೆ ಆ ವರ್ಷಕ್ಕಿಂತ ಬೇರೆ ಸಾಕ್ಷಿ ಬೇಡ. ಪತ್ರಿಕೆ ಈ ಲೋಪವನ್ನು ತಾನೇ ಒಪ್ಪಿಕೊಂಡಿತು. 2016ರಲ್ಲಿ ಹಳೆಯ ಪಟ್ಟಿಯನ್ನು ಮರುಪರಿಶೀಲಿಸಿ, 1994ರವರೆಗಿನ 39 ಪ್ರಶಸ್ತಿಗಳಲ್ಲಿ 12 ದಕ್ಷಿಣ ಅಮೆರಿಕದವರಿಗೆ ಸಲ್ಲಬೇಕಿತ್ತು ಎಂದು ಪ್ರಕಟಿಸಿತು. ಅವುಗಳಲ್ಲಿ ಏಳು ಪೆಲೆಗೆ, ಎರಡು ಮರಡೋನಾಗೆ. ಅಧಿಕೃತ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು.

ಬಾಗಿಲು ತೆರೆದದ್ದು 1995ರಲ್ಲಿ. ಯುರೋಪಿನ ಕ್ಲಬ್‌ಗಳಲ್ಲಿ ಆಡುವ ಯಾವ ದೇಶದವರಾದರೂ ಸರಿ ಎಂದು ನಿಯಮ ಬದಲಾದ ವರ್ಷವೇ ಲೈಬೀರಿಯಾದ ಜಾರ್ಜ್ ವೇಯಾ ಗೆದ್ದರು. ಅದೇ ವರ್ಷ ಫಿಫಾ ಪ್ರಶಸ್ತಿಯೂ ಅವರದ್ದಾಯಿತು. ಮುಂದೆ ತಮ್ಮ ದೇಶದ ಅಧ್ಯಕ್ಷರೂ ಆದ ವೇಯಾ ಬಿಟ್ಟರೆ ಪುರುಷರ ಚಿನ್ನದ ಚೆಂಡು ಗೆದ್ದ ಮತ್ತೊಬ್ಬ ಆಫ್ರಿಕನ್ ಆಟಗಾರ ಇಲ್ಲ. 2007ರಿಂದ ಜಗತ್ತಿನ ಯಾವುದೇ ಕ್ಲಬ್ಬಿನ ಆಟಗಾರರೂ ಅರ್ಹರಾದರು.

ನಿಯಮ ತಡೆಯದಿದ್ದರೂ ಮತದಾರರ ಒಲವು ತಡೆಯುವುದುಂಟು. ಗೋಲು ಹೊಡೆಯುವವರು ಕಣ್ಣಿಗೆ ಬೀಳುವಷ್ಟು ಸುಲಭವಾಗಿ ಗೋಲು ತಡೆಯುವವರು ಬೀಳುವುದಿಲ್ಲ. ಪುರುಷರ ಚಿನ್ನದ ಚೆಂಡು ಪಡೆದ ಏಕೈಕ ಗೋಲ್‌ಕೀಪರ್ ಮಾಸ್ಕೋದ ಲೆವ್ ಯಾಶಿನ್. ಅದು 1963ರ ಮಾತು. ಗೋಲ್‌ಕೀಪರ್‌ಗಳಿಗೆಂದೇ ಅವರ ಹೆಸರಿನ ಪ್ರಶಸ್ತಿ ಬರಲು 2019 ಆಗಬೇಕಾಯಿತು.

ಫಿಫಾ ಬೇರೆ ದಾರಿ ಹಿಡಿಯಿತು. 1991ರಲ್ಲಿ ಅದು ಮತದ ಹಕ್ಕನ್ನು ರಾಷ್ಟ್ರೀಯ ತಂಡಗಳ ಕೋಚ್‌ಗಳಿಗೆ ಕೊಟ್ಟಿತು. ಮೊದಲು ಗೆದ್ದವರು ಜರ್ಮನಿಯ ಲೋಥರ್ ಮಥೇಯಸ್. ನಂತರ ತಂಡದ ನಾಯಕರಿಗೂ ಮತ ಸಿಕ್ಕಿತು. ಮಹಿಳೆಯರಿಗೆ 2001ರಿಂದಲೇ ಪ್ರಶಸ್ತಿ ಕೊಡಲಾರಂಭಿಸಿದ್ದು ಫಿಫಾದ ಹೆಚ್ಚುಗಾರಿಕೆ. ಮೊದಲೆರಡು ವರ್ಷ ಅಮೆರಿಕದ ಮಿಯಾ ಹ್ಯಾಮ್ ಗೆದ್ದರು. 2006ರಿಂದ 2010ರವರೆಗೆ ಸತತ ಐದು ಬಾರಿ ಬ್ರೆಜಿಲಿನ ಮಾರ್ಟಾ ಗೆದ್ದರು. ಫ್ರಾನ್ಸ್ ಫುಟ್‌ಬಾಲ್ ಮಹಿಳೆಯರಿಗೆ ಚಿನ್ನದ ಚೆಂಡು ಕೊಟ್ಟದ್ದು 2018ರಲ್ಲಿ, ನಾರ್ವೆಯ ಆಡಾ ಹೆಗರ್‌ಬರ್ಗ್‌ಗೆ. 62 ವರ್ಷಗಳ ಈ ವಿಳಂಬಕ್ಕೆ ಸಮರ್ಥನೆಯಿಲ್ಲ.

2010ರಿಂದ 2015ರವರೆಗೆ ಎರಡೂ ಪ್ರಶಸ್ತಿಗಳು ಫಿಫಾ ಬ್ಯಾಲನ್ ಡಿ'ಓರ್ ಎಂಬ ಹೆಸರಲ್ಲಿ ಒಂದಾದವು. ಮತದಾರರು ಬದಲಾದರೆ ಏನಾಗುತ್ತದೆ ಎಂಬುದು ಮೊದಲ ವರ್ಷವೇ ಗೊತ್ತಾಯಿತು. ಪತ್ರಕರ್ತರ ಮತಗಳನ್ನಷ್ಟೇ ಎಣಿಸಿದ್ದರೆ ನೆದರ್ಲೆಂಡ್ಸ್‌ನ ವೆಸ್ಲಿ ಸ್ನೈಡರ್ ಗೆಲ್ಲುತ್ತಿದ್ದರು. ಕೋಚ್‌ಗಳ, ನಾಯಕರ ಮತ ಸೇರಿದಾಗ ಲಯೊನೆಲ್ ಮೆಸ್ಸಿ ಗೆದ್ದರು, ಸ್ನೈಡರ್ ನಾಲ್ಕನೆಯವರಾದರು. 2013ರಲ್ಲಿ ಮತದಾನದ ಗಡುವನ್ನು ನಡುವೆಯೇ ವಿಸ್ತರಿಸಲಾಯಿತು. ಅಷ್ಟರಲ್ಲಿ ಸ್ವೀಡನ್ ವಿರುದ್ಧ ಕ್ರಿಸ್ಟಿಯಾನೊ ರೊನಾಲ್ಡೊ ಹ್ಯಾಟ್ರಿಕ್ ಹೊಡೆದಿದ್ದರು. ಪ್ರಶಸ್ತಿಯೂ ಅವರಿಗೇ ಬಂತು. ಗಡುವಿನ ಬಗೆಗಿನ ತಕರಾರು ಮಾತ್ರ ಬಹುಕಾಲ ಉಳಿಯಿತು.

ಒಪ್ಪಂದ ಮುಗಿದ ಮೇಲೆ ಫಿಫಾ 'ದಿ ಬೆಸ್ಟ್' ಎಂಬ ಹೊಸ ಪ್ರಶಸ್ತಿ ತಂದಿತು. ಮೊದಲ ಸಮಾರಂಭ 2017ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ನಡೆಯಿತು. ಇಲ್ಲಿ ನಾಯಕರು, ಕೋಚ್‌ಗಳು, ಪತ್ರಕರ್ತರು, ಅಭಿಮಾನಿಗಳು, ಹೀಗೆ ನಾಲ್ಕು ಗುಂಪುಗಳಿಗೆ ತಲಾ ಕಾಲುಪಾಲು ಮತ. 2023ರ ಪ್ರಶಸ್ತಿಯ ಎಣಿಕೆಯಲ್ಲಿ ಮೆಸ್ಸಿ ಮತ್ತು ಎರ್ಲಿಂಗ್ ಹಾಲೆಂಡ್ ಇಬ್ಬರಿಗೂ 48 ಅಂಕ ಬಂದವು. ಆಗ ನಾಯಕರ ಮತಪತ್ರಗಳಲ್ಲಿ ಯಾರು ಹೆಚ್ಚು ಬಾರಿ ಮೊದಲ ಸ್ಥಾನದಲ್ಲಿದ್ದಾರೆಂದು ನೋಡಲಾಯಿತು. ಮೆಸ್ಸಿ 107 ಕಡೆ, ಹಾಲೆಂಡ್ 64 ಕಡೆ. ಫಿಫಾ ಸದಸ್ಯ ರಾಷ್ಟ್ರಗಳ ನಾಯಕರ ಮತಗಳಿಗೆಲ್ಲ ಸಮಾನ ತೂಕವಿರುವುದರಿಂದ ಭಾರತದ ನಾಯಕನ ಮತಕ್ಕೂ ಬ್ರೆಜಿಲ್ ನಾಯಕನ ಮತಕ್ಕೂ ವ್ಯತ್ಯಾಸವಿಲ್ಲ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಭಾರತ ತಂಡ ಮುನ್ನಡೆಸುತ್ತಿದ್ದಾಗ ಆ ಹಕ್ಕು ಅವರ ಕೈಯಲ್ಲಿತ್ತು.

ಚಿನ್ನದ ಚೆಂಡು ಮತ್ತೆ ಪತ್ರಕರ್ತರ ಕೈಗೆ ಮರಳಿತು. ಕೋವಿಡ್ ಕಾರಣ 2020ರಲ್ಲಿ ಅದನ್ನು ಯಾರಿಗೂ ಕೊಡಲಿಲ್ಲ. ಆ ವರ್ಷ ಬಯರ್ನ್ ಮ್ಯೂನಿಕ್ ಪರ ಗೋಲುಗಳ ಮಳೆ ಸುರಿಸಿದ ರಾಬರ್ಟ್ ಲೆವಾಂಡೊವ್‌ಸ್ಕಿಗೆ ಫಿಫಾ ಪ್ರಶಸ್ತಿ ಮಾತ್ರ ದಕ್ಕಿತು. 2022ರಿಂದ ಕ್ಯಾಲೆಂಡರ್ ವರ್ಷ ಬಿಟ್ಟು ಋತುವಿನ ಆಟವನ್ನು ಪರಿಗಣಿಸಲಾಗುತ್ತಿದೆ. ಪುರುಷರ ವಿಭಾಗದ ಮತ ಫಿಫಾ ರ‍್ಯಾಂಕಿಂಗ್‌ನ ಮೊದಲ 100 ದೇಶಗಳ ಪತ್ರಕರ್ತರಿಗೆ ಸೀಮಿತವಾಯಿತು. ಎಂಟು ಚೆಂಡು ಗೆದ್ದ ಮೆಸ್ಸಿಯದೇ ದಾಖಲೆ. ರೊನಾಲ್ಡೊ ಐದು ಗೆದ್ದಿದ್ದಾರೆ.

ಕೋಚ್‌ಗಳ ಸರದಿ ಬಂದದ್ದು ತಡವಾಗಿ. ಫಿಫಾ 2010ರಲ್ಲಿ ಮೊದಲ ಬಾರಿಗೆ ಜೋಸೆ ಮೊರಿನ್ಯೊ ಮತ್ತು ಜರ್ಮನಿಯ ಮಹಿಳಾ ತಂಡದ ಸಿಲ್ವಿಯಾ ನೈಡ್‌ರನ್ನು ಆರಿಸಿತು. ಲೆಸ್ಟರ್ ಸಿಟಿಯನ್ನು ಯಾರೂ ಎಣಿಸದ ರೀತಿಯಲ್ಲಿ ಪ್ರೀಮಿಯರ್ ಲೀಗ್ ಚಾಂಪಿಯನ್ ಮಾಡಿದ ಕ್ಲಾಡಿಯೊ ರನಿಯೇರಿಗೆ ಮೊದಲ 'ದಿ ಬೆಸ್ಟ್' ಸಂದಿತು. ಫ್ರಾನ್ಸ್ ಫುಟ್‌ಬಾಲ್ 2024ರಲ್ಲಿ ಆರಂಭಿಸಿದ ಕೋಚ್ ಪ್ರಶಸ್ತಿಯನ್ನು ಕಾರ್ಲೊ ಆಂಚೆಲೊಟ್ಟಿ ಮತ್ತು ಎಮಾ ಹೇಯ್ಸ್ ಪಡೆದರು. ಅದಕ್ಕಿಟ್ಟ ಹೆಸರು ಯೊಹಾನ್ ಕ್ರೈಫ್ ಅವರದು. ಆಟಗಾರರಾಗಿ ಮೂರು ಚಿನ್ನದ ಚೆಂಡು ಗೆದ್ದ ಮೊದಲಿಗರು ಅವರು. ಕೋಚ್ ಆಗಿ 1992ರಲ್ಲಿ ಬಾರ್ಸಿಲೋನಾಕ್ಕೆ ಮೊದಲ ಯುರೋಪಿಯನ್ ಕಪ್ ತಂದುಕೊಟ್ಟಾಗ, ಜಗತ್ತಿನ ಶ್ರೇಷ್ಠ ಕೋಚ್ ಎಂಬ ಪ್ರಶಸ್ತಿ ಈ ಪತ್ರಿಕೆಯಲ್ಲೂ ಇರಲಿಲ್ಲ, ಫಿಫಾದಲ್ಲೂ ಇರಲಿಲ್ಲ.