ವೀರನೊಬ್ಬ ಹಾಡುನಾಟಕವಾದ ಬಗೆ

ಯುದ್ಧದ ಕಥೆಗೆ ರಾಗ ಕಟ್ಟುವುದು ಹೊಸ ಸಂಗತಿಯೇನಲ್ಲ. ಲಾವಣಿಕಾರರು ಎಲ್ಲ ದೇಶಗಳಲ್ಲಿಯೂ ಈ ಕೆಲಸ ಮಾಡಿದ್ದಾರೆ. ಆದರೆ 10 ಸೆಂಟಿನ ಚಿತ್ರಪುಸ್ತಕವೊಂದರಲ್ಲಿ ಹುಟ್ಟಿದ ವೀರನು 82 ವರ್ಷಗಳ ತರುವಾಯ ವಿನೋದೋದ್ಯಾನದ ರಂಗದ ಮೇಲೆ ಹಾಡಿ ಕುಣಿದನೆಂದರೆ, ಅವನು ನಡೆದು ಬಂದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಬೇಕೆನ್ನಿಸುತ್ತದೆ. 2023ರ ಜೂನ್ 30ರಿಂದ ಆಗಸ್ಟ್ 31ರವರೆಗೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡಿಸ್ನಿ ಉದ್ಯಾನದ ಹೈಪೀರಿಯನ್ ರಂಗಮಂದಿರದಲ್ಲಿ ‘ರೋಜರ್ಸ್: ದಿ ಮ್ಯೂಸಿಕಲ್’ ಎಂಬ ಅರ್ಧ ಗಂಟೆಯ ಹಾಡುನಾಟಕ ನಡೆಯಿತು. ಅದರ ನಾಯಕನ ಹೆಸರು ಸ್ಟೀವ್ ರೋಜರ್ಸ್. ಮಕ್ಕಳು ಅವನನ್ನು ಬಲ್ಲುದು ಕ್ಯಾಪ್ಟನ್ ಅಮೆರಿಕ ಎಂದು.

ಈ ಕ್ಯಾಪ್ಟನ್ನನನ್ನು ಸೃಷ್ಟಿಸಿದವರು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬ ಇಬ್ಬರು ತರುಣರು. ಇಬ್ಬರೂ ಯಹೂದ್ಯರು, ಬಟ್ಟೆ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಮನೆಗಳಿಂದ ಬಂದವರು. ಕರ್ಬಿ ಹುಟ್ಟಿದ್ದು 1917ರಲ್ಲಿ, ನ್ಯೂಯಾರ್ಕಿನ ವಲಸೆಗಾರರ ಕೇರಿಯಲ್ಲಿ. ಸೈನ್ಯಕ್ಕೆ ಬೇಡವೆನಿಸಿಕೊಂಡ ಬಡಕಲು ಹುಡುಗನೊಬ್ಬ ಮದ್ದೊಂದರ ಬಲದಿಂದ ಮಹಾವೀರನಾಗುವ ಕಥೆಯನ್ನು ಇವರು ಹೆಣೆದರು. 1941ರ ಮಾರ್ಚ್ ತಿಂಗಳ ಹೆಸರು ಹೊತ್ತ ಮೊದಲ ಸಂಚಿಕೆ 1940ರ ಡಿಸೆಂಬರಿನಲ್ಲಿಯೇ ಅಂಗಡಿಗೆ ಬಂತು. ಅದರ ಮುಖಪುಟದಲ್ಲಿ ನಾಯಕನು ಹಿಟ್ಲರನ ದವಡೆಗೆ ಗುದ್ದುತ್ತಿದ್ದ!

ಇಂದು ಆ ಚಿತ್ರ ಸಾಮಾನ್ಯವಾಗಿ ಕಾಣಬಹುದು. ಆಗ ಅದು ಸಾಮಾನ್ಯವಾಗಿರಲಿಲ್ಲ. ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು. ಯೂರೋಪಿನ ಜಗಳ ನಮಗೇಕೆ ಎನ್ನುವವರು ಅಲ್ಲಿ ಬಹುಮಂದಿ ಇದ್ದರು. ಹಿಟ್ಲರನನ್ನು ಮೆಚ್ಚಿ ಸಭೆ ಸೇರುವವರೂ ಇದ್ದರು. ಪ್ರಕಾಶಕರ ಕಚೇರಿಗೆ ಬೆದರಿಕೆಯ ಪತ್ರಗಳು ಬಂದುವು. ಕಡೆಗೆ ನಗರದ ಮೇಯರ್ ಲಾ ಗಾರ್ಡಿಯಾ ತಾವೇ ದೂರವಾಣಿಯಲ್ಲಿ ಮಾತನಾಡಿ ರಕ್ಷಣೆಯ ಭರವಸೆ ಕೊಟ್ಟರೆಂದು ಸೈಮನ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಒಪ್ಪಿದ ಲಾಭದ ಪಾಲು ಕೈಗೆ ಬರುತ್ತಿಲ್ಲವೆಂದು ಬೇಸತ್ತು, 10 ಸಂಚಿಕೆಗಳಾದ ಮೇಲೆ ಇಬ್ಬರೂ ಆ ಕೆಲಸ ಬಿಟ್ಟರು. ವೀರನು ಮಾತ್ರ ಪ್ರಕಾಶಕರ ಸ್ವತ್ತಾಗಿ ಅಲ್ಲಿಯೇ ಉಳಿದ.

ಮುಂದೆ ಕರ್ಬಿ ತಾವೇ ಸಿಪಾಯಿಯಾದರು. 1944ರ ಆಗಸ್ಟಿನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದರು. ಆ ಚಳಿಗಾಲದ ಹಿಮಕ್ಕೆ ಅವರ ಕಾಲುಗಳು ಮರಗಟ್ಟಿ, ಕತ್ತರಿಸಿಯೇಬಿಡಬೇಕೆಂಬ ಮಾತೂ ಬಂದಿತ್ತು. ಕಾಗದದ ಸಿಪಾಯಿ ತಿಂಗಳಿಗೊಮ್ಮೆ ಗೆಲ್ಲುತ್ತಿದ್ದ. ಅವನನ್ನು ಬರೆದ ಸಿಪಾಯಿ ಆಸ್ಪತ್ರೆಯಲ್ಲಿ ಮಲಗಿದ್ದ.

ಯುದ್ಧ ಮುಗಿದ ಮೇಲೆ ಕ್ಯಾಪ್ಟನ್ನನಿಗೆ ಕೆಲಸವಿಲ್ಲದಾಯಿತು. 1950ರಲ್ಲಿ ಪತ್ರಿಕೆ ನಿಂತಿತು. 1953-54ರಲ್ಲಿ ಅವನನ್ನು ಕಮ್ಯೂನಿಸ್ಟರ ಮೇಲೆ ಛೂಬಿಟ್ಟು ನೋಡಿದರು, ಓದುಗರು ಒಲಿಯಲಿಲ್ಲ. 1964ರಲ್ಲಿ ಸ್ಟ್ಯಾನ್ ಲೀ ಮತ್ತು ಕರ್ಬಿ ಅವನನ್ನು ಹಿಮಗಡ್ಡೆಯೊಳಗಿಂದ ಎಬ್ಬಿಸಿದರು. ಎಚ್ಚರವಾದಾಗ ಅವನ ಗೆಳೆಯನಿರಲಿಲ್ಲ, ಅವನ ಕಾಲವಿರಲಿಲ್ಲ. ಅವನು ಇಂದಿನವರೆಗೆ ಬದುಕಿರುವುದು ತೋಳಿನ ಬಲದಿಂದಲ್ಲ, ಈ ಒಂಟಿತನದಿಂದ ಎಂದೇ ನನ್ನ ನಂಬಿಕೆ.

ಇನ್ನು ರಂಗದ ಮಾತು. ಇಂಥ ವೀರರಿಗೆ ರಂಗಭೂಮಿ ಸುಲಭವಾಗಿ ಒಲಿದಿಲ್ಲ. 1966ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸೂಪರ್‌ಮ್ಯಾನ್ ಹಾಡುನಾಟಕ 129 ಪ್ರದರ್ಶನಗಳಿಗೆ ಮುಗಿಯಿತು. 2011ರಲ್ಲಿ ಅಲ್ಲಿಯೇ ಆರಂಭವಾದ ಸ್ಪೈಡರ್‌ಮ್ಯಾನ್ ನಾಟಕಕ್ಕೆ ಸುಮಾರು 7.5 ಕೋಟಿ ಡಾಲರ್ ಸುರಿದರು, ನಟರು ಗಾಯಗೊಂಡರು, 2014ರಲ್ಲಿ ಅದೂ ನಿಂತಿತು. ಕ್ಯಾಪ್ಟನ್ನನಾದರೋ ರಂಗಕ್ಕೆ ಬಂದದ್ದು ಹಾಸ್ಯದ ಹಿಂಬಾಗಿಲಿನಿಂದ. 2011ರ ಚಲನಚಿತ್ರದಲ್ಲಿ ಅವನಿಗೆ ಬಣ್ಣದ ಉಡುಪು ತೊಡಿಸಿ, ಕುಣಿಯುವ ಹುಡುಗಿಯರ ನಡುವೆ ನಿಲ್ಲಿಸಿ, ಯುದ್ಧದ ಸಾಲಪತ್ರ ಮಾರಿಸುತ್ತಾರೆ. ರಣರಂಗದ ಸೈನಿಕರು ಅವನನ್ನು ಕಂಡು ಗೇಲಿ ಮಾಡುತ್ತಾರೆ. 2021ರ ‘ಹಾಕ್‌ಐ’ ಧಾರಾವಾಹಿಯಲ್ಲಿ, ಕಥೆಯೊಳಗಿನ ನಾಟಕವಾಗಿ ಈ ‘ರೋಜರ್ಸ್’ ಮೊದಲು ಕಾಣಿಸಿಕೊಂಡಿತು. ಬೇಕೆಂದೇ ಪೆದ್ದುಪೆದ್ದಾಗಿ ಕಟ್ಟಿದ ಹಾಡು ಅದು. ಆ ಯುದ್ಧದಲ್ಲಿ ಹೋರಾಡಿದ ಕ್ಲಿಂಟ್ ಬಾರ್ಟನ್ ಪ್ರೇಕ್ಷಕರ ನಡುವೆ ಕುಳಿತಿದ್ದಾನೆ. ಮುಂದೆ ಅವನು ಕಳೆದುಕೊಂಡ ಗೆಳತಿಯ ವೇಷದಲ್ಲಿ ನಟಿಯೊಬ್ಬಳು ಕುಣಿಯುತ್ತಾಳೆ. ಅವನು ತನ್ನ ಶ್ರವಣಯಂತ್ರವನ್ನು ಆರಿಸಿಬಿಡುತ್ತಾನೆ. ಆಟ ಮುಗಿಯುವ ಮುನ್ನವೇ ಮಕ್ಕಳೊಡನೆ ಹೊರಡುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತಲೇ ಇರುತ್ತದೆ.

ಎರಡೇ ವರ್ಷಗಳಲ್ಲಿ ಆ ಹಾಸ್ಯ ನಿಜವಾಯಿತು. ಮಾರ್ವೆಲ್ ಸಂಸ್ಥೆಯನ್ನು ಡಿಸ್ನಿ 2009ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಕೊಂಡಿತ್ತು. ವೀರನೂ ಅವರವನೇ, ಉದ್ಯಾನವೂ ಅವರದೇ. 2020ರ ಸಾಂಕ್ರಾಮಿಕದ ಕಾಲದಿಂದ ರಂಗಮಂದಿರ ಬರಿದಾಗಿ ನಿಂತಿತ್ತು. ಹಳೆಯ ಹಾಡುಗಳಿಗೆ ಹೊಸವು ಸೇರಿದುವು. ಕ್ಯಾಪ್ಟನ್ನನೂ ಅವನ ನಲ್ಲೆ ಪೆಗ್ಗಿ ಕಾರ್ಟರಳೂ ಆಡದೆ ಉಳಿಸಿದ್ದ ಒಂದು ನೃತ್ಯದ ಹಂಬಲ ಕಥೆಯ ಜೀವಾಳವಾಯಿತು. ಗೇಲಿಗೆಂದು ಹುಟ್ಟಿದ ಆಟ ಜನರ ಕಣ್ಣು ಒದ್ದೆ ಮಾಡಿತೆಂದರೆ ಅದನ್ನು ನಾನು ಹಗುರವಾಗಿ ಕಾಣಲಾರೆ. ಹಾಡು ಹೆಸರನ್ನು ಉಳಿಸುತ್ತದೆ. ಆದರೆ ಅರ್ಧ ಗಂಟೆಯಲ್ಲಿ ಪ್ರೇಮಕ್ಕೆ ಜಾಗ ಸಿಕ್ಕಷ್ಟು ಸುಲಭವಾಗಿ ಭಯಕ್ಕೆ ಸಿಕ್ಕುವುದಿಲ್ಲ. ಬೆದರಿಕೆಯ ಪತ್ರಗಳನ್ನು ತಂದ ಆ ಗುದ್ದನ್ನು ಬರೆದ ಎದೆಗಾರಿಕೆಯನ್ನು ಚರಿತ್ರೆಯೇ ಹೇಳಬೇಕಾಗುತ್ತದೆ.

ಕರ್ಬಿ 1994ರಲ್ಲಿ ತೀರಿಕೊಂಡರು, ಸೈಮನ್ 2011ರಲ್ಲಿ. ತಾವು ಬರೆದ ವೀರರ ಹಕ್ಕಿಗಾಗಿ ಕರ್ಬಿಯವರ ಮಕ್ಕಳು ಹೂಡಿದ ಹೋರಾಟ 2014ರಲ್ಲಿ ರಾಜಿಯಾಯಿತು. ಆ ಶ್ರವಣಯಂತ್ರದವನ ಆಸನದಲ್ಲಿ ನಾನು ಒಮ್ಮೊಮ್ಮೆ ಕರ್ಬಿಯವರನ್ನು ಕೂರಿಸಿ ನೋಡುತ್ತೇನೆ. ಅವರು ಎದ್ದುಹೋಗುತ್ತಿದ್ದರೋ, ಕುಳಿತು ನಗುತ್ತಿದ್ದರೋ ಹೇಳಲಾರೆ. ದೀಪ ಆರುವ ಮೊದಲು ಅವರು ಕಾರ್ಯಕ್ರಮ ಪಟ್ಟಿಯಲ್ಲಿ ತಮ್ಮ ಹೆಸರು ಎಲ್ಲಿದೆಯೆಂದು ಹುಡುಕುತ್ತಿದ್ದರೆಂದು ಮಾತ್ರ ನನ್ನ ಎಣಿಕೆ.